ನಂದೇ ಲ್ಯಾಪ್‌ಟಾಪು, ನಂಗೇ ಪರ್ಮಿಷನ್ ಇಲ್ಲ

“ಸರ್, ಇದು ನಂದೇ ಲ್ಯಾಪ್‌ಟಾಪು. ನಂಗೇ ಪರ್ಮಿಷನ್ ಇಲ್ಲ ಅಂತಿದೆ!” ಹೊಸದಾಗಿ ಲಿನಕ್ಸ್ ಹಾಕಿಕೊಂಡು ನಮ್ಮ ಕಾಲೇಜಿನ ಲ್ಯಾಬಿಗೆ ಬರುವ ಮಕ್ಕಳ ಬಾಯಲ್ಲಿ ವರ್ಷ ವರ್ಷವೂ ಕೇಳುವ ಮಾತಿದು. ಹೇಳುವಾಗ ಅವರ ಮುಖದಲ್ಲಿ ಸಿಟ್ಟಿಗಿಂತ ನೋವು ಹೆಚ್ಚು ಕಾಣುತ್ತದೆ. ಮನೆಯವರು ಕಷ್ಟಪಟ್ಟು ಕೊಡಿಸಿದ ಯಂತ್ರ, ಪಾಸ್‌ವರ್ಡ್ ಇಟ್ಟವರೂ ತಾವೇ. ಆದರೂ ಒಂದು ಸಾಫ್ಟ್‌ವೇರ್ ಹಾಕಲು ಹೊರಟರೆ ಪರದೆಯ ಮೇಲೆ ಇಂಗ್ಲಿಷಿನಲ್ಲೊಂದು ಗದರಿಕೆ: ನಿಮ್ಮ ಹೆಸರು ಸುಡೋಯರ್ಸ್ ಫೈಲಿನಲ್ಲಿಲ್ಲ, ಈ ಘಟನೆಯನ್ನು ವರದಿ ಮಾಡಲಾಗುವುದು. ಕನ್ನಡ ಮಾಧ್ಯಮದಲ್ಲಿ ಓದಿ ಬಂದಿದ್ದ ಒಬ್ಬ ಹುಡುಗಿ ಆ ಎರಡನೇ ಮಾತು ಓದಿ ಲ್ಯಾಪ್‌ಟಾಪನ್ನು ಮುಚ್ಚಿಟ್ಟವಳು ಕೆಲವು ದಿನ ತೆರೆದೇ ಇರಲಿಲ್ಲ. ವರದಿ ಯಾರಿಗೆ ಹೋಯಿತೋ, ಯಾರು ಬಂದು ಕೇಳುತ್ತಾರೋ ಎಂಬ ಭಯ.

ಆ ವರದಿ ಹೋಗುವುದು ಅದೇ ಯಂತ್ರದ ಲಾಗಿಗೆ, ಇಲ್ಲವೇ ಅದೇ ಯಂತ್ರದೊಳಗಿನ ರೂಟ್ ಬಳಕೆದಾರನ ಅಂಚೆಪೆಟ್ಟಿಗೆಗೆ. ಅವಳ ಲ್ಯಾಪ್‌ಟಾಪಿನಲ್ಲಿ ರೂಟ್ ಎಂದರೆ ಅವಳೇ. ಲಾಗ್ ತೆರೆದು ಅವಳ ಹೆಸರು, ಹೊತ್ತು, ಅವಳು ಕೊಟ್ಟ ಕಮ್ಯಾಂಡು ಎಲ್ಲವೂ ಒಂದೇ ಸಾಲಿನಲ್ಲಿ ಕೂತಿರುವುದನ್ನು ತೋರಿಸಿದೆ. “ಇನ್ನೇನೇನ್ ಬರ್ಕೊಂಡಿದೆ ಸರ್ ಇದು?” ಎಂದಳು. ಭಯ ಹೋಗಿ ಕುತೂಹಲ ಬಂದಿತ್ತು. ನನಗೆ ಬೇಕಾಗಿದ್ದುದೂ ಅದೇ. ಲಿನಕ್ಸ್ ಬೇಡ ಎನ್ನುವಾಗ ಬರಿದೇ ಬೇಡ ಎನ್ನುವುದಿಲ್ಲ. ಯಾರಿಗೆ ಬೇಡ, ಯಾವುದಕ್ಕೆ ಬೇಡ ಎಂಬುದನ್ನೂ ಆ ಸಾಲಿನಲ್ಲೇ ಹೇಳಿರುತ್ತದೆ. ಅದನ್ನು ಕೊನೆಯವರೆಗೂ ಓದುವ ಅಭ್ಯಾಸ ಹಿಡಿದರೆ ಅರ್ಧ ರಿಪೇರಿ ಮುಗಿದ ಹಾಗೆ. ಆದರೆ ಈ ಸಾಲುಗಳು ಇಂಗ್ಲಿಷಿನಲ್ಲಿರುವುದರಿಂದ ನಮ್ಮ ಮಕ್ಕಳು ಓದುವುದಿಲ್ಲ, ನೋಡುತ್ತಾರೆ ಅಷ್ಟೆ. ಹಾಗಾಗಿ ಲ್ಯಾಬಿನಲ್ಲಿ ನಾನು ಮಾಡುವ ಮೊದಲ ಕೆಲಸ ಆ ಸಾಲನ್ನು ಅವರಿಂದ ಜೋರಾಗಿ ಓದಿಸಿ, ಅವರಿಂದಲೇ ಕನ್ನಡದಲ್ಲಿ ಹೇಳಿಸುವುದು. ಕೀಲಿಮಣೆ ಮುಟ್ಟುವುದು ಆಮೇಲೆ.

ಒಬ್ಬರೇ ಬಳಸುವ ಯಂತ್ರಕ್ಕೆ ಇಷ್ಟೆಲ್ಲ ಕಟ್ಟುಪಾಡು ಯಾಕೆ ಎಂಬ ಪ್ರಶ್ನೆಯೂ ಬರುತ್ತದೆ. ನ್ಯಾಯವಾದ ಪ್ರಶ್ನೆ. ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್ ಶುರುಮಾಡಿದ ಕಾಲದಲ್ಲಿ ಒಂದು ಕಂಪ್ಯೂಟರನ್ನು ಹಲವರು ಹಂಚಿಕೊಂಡೇ ಬಳಸಬೇಕಿತ್ತು. ಒಬ್ಬರ ಫೈಲನ್ನು ಇನ್ನೊಬ್ಬರು ಅಳಿಸಬಾರದು, ಎಲ್ಲರಿಗೂ ಸೇರಿದ್ದನ್ನು ಯಾರೋ ಒಬ್ಬರು ಕೆಡಿಸಬಾರದು. ಅದಕ್ಕೇ ಪ್ರತಿ ಫೈಲಿಗೂ ಒಬ್ಬ ಒಡೆಯ, ಒಂದು ಗುಂಪು, ಆಮೇಲೆ ಉಳಿದವರು. ಒಬ್ಬೊಬ್ಬರಿಗೂ ಓದುವ, ಬರೆಯುವ, ನಡೆಸುವ ಹಕ್ಕು ಬೇರೆ ಬೇರೆ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತನ್ನ ಸ್ವಂತ ಪಿಸಿಗೆಂದು ಲಿನಕ್ಸ್ ಬರೆಯುವಾಗಲೂ ಹಂಚಿಕೊಂಡು ಬಾಳುವ ಈ ರೀತಿಯನ್ನೇ ತೆಗೆದುಕೊಂಡ. ಇವತ್ತು ಆ ಹುಡುಗಿಯ ಲ್ಯಾಪ್‌ಟಾಪಿನಲ್ಲಿ ಬಳಕೆದಾರರ ಪಟ್ಟಿ ತೆರೆದರೆ ಅವಳೊಬ್ಬಳೇ ಕಾಣುವುದಿಲ್ಲ. ಮುದ್ರಣದ ಕೆಲಸಕ್ಕೊಬ್ಬ, ಡೇಟಾಬೇಸ್ ಹಾಕಿಕೊಂಡಿದ್ದರೆ ಅದಕ್ಕೊಬ್ಬ, ವೆಬ್ ಸರ್ವರಿಗೊಬ್ಬ ಎಂದು ಸಾಲು ಸಾಲಾಗಿ ಇದ್ದಾರೆ. ಇವರಲ್ಲಿ ಒಬ್ಬನ ಮೂಲಕ ಕಳ್ಳ ನುಗ್ಗಿದರೂ ಉಳಿದವರ ಕೋಣೆಗೆ ದಾರಿಯಿಲ್ಲ. ಈ ಪಟ್ಟಿಯ ಮೊದಲ ಸಾಲಿನವನು ರೂಟ್. ಅವನ ಸಂಖ್ಯೆ 0. ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಅವನ ಹೆಸರು ಗೊತ್ತಿಲ್ಲ, ಅದು ನೋಡುವುದು ಸಂಖ್ಯೆಯನ್ನು. ಸೊನ್ನೆ ಕಂಡರೆ ಹೆಚ್ಚುಕಡಿಮೆ ಎಲ್ಲ ಬಾಗಿಲನ್ನೂ ತೆರೆಯುತ್ತದೆ.

ಇಲ್ಲೊಂದು ಸೊಗಸಾದ ತೊಡಕಿದೆ. ಪಾಸ್‌ವರ್ಡುಗಳಿರುವ ಫೈಲಿನಲ್ಲಿ ಬರೆಯುವ ಹಕ್ಕು ರೂಟ್‌ಗೆ ಮಾತ್ರ. ಆದರೆ ನನ್ನ ಪಾಸ್‌ವರ್ಡನ್ನು ನಾನು ಬದಲಾಯಿಸಿಕೊಳ್ಳಬೇಕಲ್ಲ? ಜಮೀನು ನಮ್ಮದೇ ಆದರೂ ಪಹಣಿಯನ್ನು ನಾವೇ ಪೆನ್ನು ಹಿಡಿದು ತಿದ್ದುವಂತಿಲ್ಲ. ಅರ್ಜಿ ಕೊಡಬೇಕು, ಕಂದಾಯ ಇಲಾಖೆಯವರು ನಿಯಮ ನೋಡಿ ನಮ್ಮ ಸಾಲನ್ನಷ್ಟೇ ತಿದ್ದಬೇಕು. ರಿಚಿ ಮಾಡಿದ್ದೂ ಇಂಥದ್ದೇ ಏರ್ಪಾಡು. ಪ್ರೋಗ್ರಾಮಿನ ಫೈಲಿಗೆ ಒಂದು ಗುರುತು ಹಾಕಿಟ್ಟರೆ, ಅದನ್ನು ಯಾರೇ ಓಡಿಸಲಿ, ಅದು ಓಡುವುದು ತನ್ನ ಒಡೆಯನ ಅಧಿಕಾರದಲ್ಲಿ. ಪಾಸ್‌ವರ್ಡ್ ಬದಲಿಸುವ ಪ್ರೋಗ್ರಾಮಿನ ಒಡೆಯ ರೂಟ್. ಹಾಗಾಗಿ ಅದು ಆ ಫೈಲನ್ನು ತೆರೆಯಬಲ್ಲದು, ಆದರೆ ಕೇಳಿದವರ ಸಾಲನ್ನಷ್ಟೇ ತಿದ್ದುತ್ತದೆ. ಸೆಟ್‌ಯುಐಡಿ ಎನ್ನುವ ಈ ಒಂದು ಬಿಟ್‌ಗೆ ರಿಚಿ 1973ರಲ್ಲಿ ಪೇಟೆಂಟ್ ಅರ್ಜಿ ಹಾಕಿದ, 1979ರಲ್ಲಿ ಪೇಟೆಂಟ್ ಸಿಕ್ಕಿತು, ಆಮೇಲೆ ಬೆಲ್ ಲ್ಯಾಬ್ಸ್ ಅದನ್ನು ಸಾರ್ವಜನಿಕರಿಗೇ ಬಿಟ್ಟುಕೊಟ್ಟಿತು. ಫೈಲುಗಳ ಪಟ್ಟಿಯಲ್ಲಿ ನಡೆಸುವ ಹಕ್ಕಿನ ಎಕ್ಸ್ ಇರಬೇಕಾದ ಜಾಗದಲ್ಲಿ ಎಸ್ ಕಂಡಾಗಲೆಲ್ಲ ನನಗೆ ರಿಚಿಯ ನೆನಪಾಗುತ್ತದೆ. ಇಷ್ಟು ಸಣ್ಣ ಗುರುತಿನ ಮೇಲೆ ಇಷ್ಟು ದೊಡ್ಡ ವ್ಯವಸ್ಥೆ ನಿಂತಿರುವುದು ನನ್ನ ಮಟ್ಟಿಗೆ ಇವತ್ತಿಗೂ ಬೆರಗು.

ಆ ಹುಡುಗಿಯನ್ನು ಗದರಿದ, ಬೇಕಾದಾಗ ರೂಟ್ ಅಧಿಕಾರ ಕೊಡುವ ಸುಡೋ ಪ್ರೋಗ್ರಾಮು ಕೂಡ ಅದೇ ಬಿಟ್‌ನ ಮೇಲೆ ನಿಂತಿದೆ. 1980ರ ಸುಮಾರಿಗೆ ನ್ಯೂಯಾರ್ಕ್ ರಾಜ್ಯದ ಬಫಲೋ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದಲ್ಲಿ ಬಾಬ್ ಕಾಗ್‌ಶಾಲ್ ಮತ್ತು ಕ್ಲಿಫ್ ಸ್ಪೆನ್ಸರ್ ಇದನ್ನು ಒಂದು ವ್ಯಾಕ್ಸ್ ಯಂತ್ರಕ್ಕೆಂದು ಬರೆದರು. ಅದಕ್ಕೆ ಮೊದಲು ಅಧಿಕಾರ ಬೇಕಾದವರಿಗೆಲ್ಲ ರೂಟ್ ಪಾಸ್‌ವರ್ಡನ್ನೇ ಹೇಳಿಕೊಡಬೇಕಿತ್ತು. ಯಾರು ಏನು ಮಾಡಿದರು ಎಂಬುದಕ್ಕೆ ಲೆಕ್ಕವಿಲ್ಲ, ಏಕೆಂದರೆ ಮಾಡಿದವರ ಹೆಸರೆಲ್ಲ ರೂಟ್ ಎಂದೇ. ಸುಡೋ ಬಂದ ಮೇಲೆ ಕೇಳುವುದು ನಮ್ಮ ಪಾಸ್‌ವರ್ಡನ್ನೇ, ಬರೆದಿಡುವುದು ನಮ್ಮ ಹೆಸರನ್ನೇ, ಕೊಡುವುದು ಸುಡೋಯರ್ಸ್ ಎಂಬ ಪಟ್ಟಿಯಲ್ಲಿರುವಷ್ಟು ಅಧಿಕಾರವನ್ನೇ. ಈ ಪ್ರೋಗ್ರಾಮನ್ನು 1990ರ ದಶಕದಿಂದ ಈಚೆಗೆ ಮುಖ್ಯವಾಗಿ ಟಾಡ್ ಮಿಲ್ಲರ್ ಎಂಬೊಬ್ಬರೇ ನೋಡಿಕೊಂಡು ಬಂದಿದ್ದಾರೆ. ಜಗತ್ತಿನ ಲೆಕ್ಕವಿಲ್ಲದಷ್ಟು ಸರ್ವರುಗಳು ದಿನಾ ಬಳಸುವ ಬಾಗಿಲಿಗೆ ಒಬ್ಬ ಮನುಷ್ಯ ಇಷ್ಟು ವರ್ಷ ಎಣ್ಣೆ ಹಾಕುತ್ತಾ ಕೂತಿದ್ದಾರೆ ಎಂದು ಮಕ್ಕಳಿಗೆ ಹೇಳುತ್ತೇನೆ. ಅವರ ಹೆಸರು ನಮ್ಮ ಸಿಲಬಸ್‌ನಲ್ಲಿಲ್ಲ. ಇರಬೇಕಿತ್ತು.

ಈ ಕಾವಲು ಎಲ್ಲರಿಗೂ ಒಪ್ಪಿಗೆಯಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಯುನಿಕ್ಸ್‌ನಲ್ಲಿ ವೀಲ್ ಎಂಬ ಗುಂಪಿನವರು ಮಾತ್ರ ರೂಟ್ ಆಗಬಹುದು ಎಂಬ ಪದ್ಧತಿಯಿತ್ತು. ಫೆಡೋರಾ, ರೆಡ್ ಹ್ಯಾಟ್‌ಗಳಲ್ಲಿ ಆಡಳಿತಗಾರರ ಗುಂಪಿಗೆ ಇಂದಿಗೂ ಅದೇ ಹೆಸರು. ರಿಚರ್ಡ್ ಸ್ಟಾಲ್‌ಮನ್ ತಮ್ಮ ಜಿಎನ್‌ಯು ಯೋಜನೆಯ, ರೂಟ್ ಆಗಲು ಬಳಸುವ ಎಸ್‌ಯು ಪ್ರೋಗ್ರಾಮಿನ ಕೈಪಿಡಿಯಲ್ಲಿ, ಇದು ಆ ಗುಂಪಿಗೆ ಯಾಕೆ ಮನ್ನಣೆ ಕೊಡುವುದಿಲ್ಲ ಎಂದು ವಿವರಿಸಿಯೇ ಬರೆದರು. ಎಂಐಟಿಯ ಪ್ರಯೋಗಾಲಯದಲ್ಲಿ 1984ರಲ್ಲಿ ಕೆಲವರು ಪಾಸ್‌ವರ್ಡ್ ಬದಲಿಸಿ ಅಧಿಕಾರವನ್ನೆಲ್ಲ ತಮ್ಮಲ್ಲೇ ಇಟ್ಟುಕೊಳ್ಳಲು ನೋಡಿದ್ದನ್ನು ಅವರು ಅಲ್ಲಿ ನೆನೆಯುತ್ತಾರೆ. ಕೆಲವೇ ಜನ ಉಳಿದವರ ಮೇಲೆ ಹಿಡಿತ ಸಾಧಿಸಲು ಇಂಥ ಗುಂಪು ನೆರವಾಗುತ್ತದೆ ಎಂಬುದು ಅವರ ವಾದ. ಆ ವಾದವನ್ನು ನಾನು ಗೌರವಿಸುತ್ತೇನೆ. ವಿದ್ಯಾರ್ಥಿಗೆ ಏನೂ ಕಲಿಸದೆ ‘ನಿನಗೆ ಅಧಿಕಾರ ಇಲ್ಲ ಹೋಗು’ ಎನ್ನುವ ಲ್ಯಾಬುಗಳನ್ನು ನಾನೂ ಕಂಡಿದ್ದೇನೆ. ಆದರೆ ಒಂದೇ ಯಂತ್ರದಲ್ಲಿ ಬೆಳಿಗ್ಗೆ ಒಂದು ತರಗತಿ, ಮಧ್ಯಾಹ್ನ ಇನ್ನೊಂದು ತರಗತಿ ಕೂರುವ ನಮ್ಮಂಥ ಕಡೆ, ಒಬ್ಬ ಹುಡುಗನ ಅವಸರದ ಕಮ್ಯಾಂಡಿನಿಂದ ಇನ್ನೊಬ್ಬಳ ಸೆಮಿಸ್ಟರ್ ಪ್ರಾಜೆಕ್ಟ್ ಹಾಳಾಗಬಾರದು. ಗುಟ್ಟು ಮಾಡದೆ, ಯಾಕೆ ಎಂದು ಹೇಳಿ, ಬೇಕಾದಷ್ಟನ್ನು ಕೊಡುವುದೇ ನನಗೆ ಸರಿ ಕಂಡ ದಾರಿ.

ಆ ಹುಡುಗಿಯ ತೊಂದರೆಯ ಮೂಲ ಅವಳು ಡೆಬಿಯನ್ ಲಿನಕ್ಸ್ ಹಾಕಿಕೊಂಡ ದಿನದಲ್ಲೇ ಇತ್ತು. ಡೆಬಿಯನ್ ಹಾಕುವಾಗ ಮಧ್ಯದಲ್ಲೊಮ್ಮೆ ರೂಟ್ ಪಾಸ್‌ವರ್ಡ್ ಕೊಡಿ ಎಂದು ಕೇಳುತ್ತದೆ. ಕೊಟ್ಟರೆ ರೂಟ್ ಖಾತೆ ತೆರೆದುಕೊಳ್ಳುತ್ತದೆ, ಆದರೆ ನಮ್ಮ ಸ್ವಂತ ಖಾತೆ ಸುಡೋ ಗುಂಪಿಗೆ ಸೇರುವುದಿಲ್ಲ. ಖಾಲಿ ಬಿಟ್ಟರೆ ರೂಟ್ ಖಾತೆಗೆ ಬೀಗ ಬಿದ್ದು ನಾವು ಸುಡೋ ಗುಂಪಿಗೆ ಸೇರುತ್ತೇವೆ. ಉಬುಂಟು 2004ರ ತನ್ನ ಮೊದಲ ಆವೃತ್ತಿಯಿಂದಲೂ ಈ ಎರಡನೇ ದಾರಿಯನ್ನೇ ಹಿಡಿದಿದೆ, ಪ್ರಶ್ನೆಯನ್ನೇ ಕೇಳುವುದಿಲ್ಲ. ಡೆಬಿಯನ್‌ನ ಆ ಪರದೆಯಲ್ಲಿ ವಿವರಣೆ ಇದೆ ನಿಜ, ಆದರೆ ಪಾಸ್‌ವರ್ಡ್ ಕೊಡಿ ಎಂದಾಗ ಖಾಲಿ ಬಿಡಲು ಯಾವ ಶ್ರದ್ಧೆಯುಳ್ಳ ವಿದ್ಯಾರ್ಥಿಗೂ ಮನಸ್ಸು ಬರುವುದಿಲ್ಲ. ಎಸ್‌ಯು ಕೊಟ್ಟು ರೂಟ್ ಆಗಿ, ಅವಳ ಹೆಸರನ್ನು ಸುಡೋ ಗುಂಪಿಗೆ ಸೇರಿಸಿದರೆ ಮುಗಿಯಿತು. ಅಲ್ಲೂ ಒಂದು ಮುಳ್ಳು. ಎಸ್‌ಯು ಮುಂದೆ ಒಂದು ಅಡ್ಡಗೆರೆ ಹಾಕದಿದ್ದರೆ, ಡೆಬಿಯನ್ 10ರಿಂದ ಈಚೆಗೆ ಕಮ್ಯಾಂಡುಗಳನ್ನು ಹುಡುಕುವ ನಮ್ಮ ಹಳೆಯ ಪಾತ್ ಹಾಗೆಯೇ ಉಳಿಯುತ್ತದೆ, ಗುಂಪಿಗೆ ಸೇರಿಸುವ ಯೂಸರ್‌ಮಾಡ್ ಎಂಬ ಕಮ್ಯಾಂಡೇ ಇಲ್ಲ ಎಂಬ ಉತ್ತರ ಬರುತ್ತದೆ. ಅಡ್ಡಗೆರೆ ಹಾಕಿದಳು, ಗುಂಪಿಗೆ ಸೇರಿಕೊಂಡಳು, ಲಾಗೌಟ್ ಆಗಿ ಮತ್ತೆ ಒಳಗೆ ಬಂದಳು. ನಾನು ಪಕ್ಕದಲ್ಲಿ ಕೂತಿದ್ದೆ ಅಷ್ಟೆ.

ಲಾಗೌಟ್ ಯಾಕೆ ಬೇಕು ಎಂಬುದನ್ನು ಎಷ್ಟೋ ವರ್ಷದ ಅನುಭವಿಗಳೂ ಸರಿಯಾಗಿ ಹೇಳುವುದಿಲ್ಲ. ನಾವು ಯಾವ ಯಾವ ಗುಂಪಿನವರು ಎಂಬುದನ್ನು ಯಂತ್ರ ಗಟ್ಟಿಮಾಡುವುದು ಲಾಗಿನ್ ಆಗುವ ಹೊತ್ತಿನಲ್ಲಿ. ಆಮೇಲೆ ಹುಟ್ಟುವ ಪ್ರತಿ ಪ್ರೋಗ್ರಾಮೂ ಆ ಪಟ್ಟಿಯನ್ನೇ ಪಡೆದುಕೊಂಡು ಹುಟ್ಟುತ್ತದೆ. ಗುಂಪುಗಳ ಫೈಲಿನಲ್ಲಿ ಹೊಸ ಹೆಸರು ಸೇರಿದ್ದು ಈಗಾಗಲೇ ಓಡುತ್ತಿರುವವಕ್ಕೆ ತಿಳಿಯುವುದಿಲ್ಲ. ಇದನ್ನು ಕಣ್ಣಾರೆ ತೋರಿಸಲು ಐಡಿ ಎಂಬ ಎರಡಕ್ಷರದ ಕಮ್ಯಾಂಡು ಸಾಕು. ಬರೀ ಐಡಿ ಎಂದರೆ ಈ ಕಿಟಕಿಯಲ್ಲಿ ಈಗ ನಾನು ಯಾರು ಎಂಬ ಉತ್ತರ. ಐಡಿಯ ಮುಂದೆ ನನ್ನ ಹೆಸರು ಕೊಟ್ಟರೆ ಫೈಲಿನ ಪ್ರಕಾರ ನಾನು ಯಾರು ಎಂಬ ಉತ್ತರ. ಎರಡೂ ಬೇರೆ ಬೇರೆ ಬಂದರೆ ಲಾಗೌಟ್ ಆಗಬೇಕು ಎಂದರ್ಥ. ತೊಂದರೆ ಹುಡುಕುವವರಿಗೆ ಇದಕ್ಕಿಂತ ಚೆಂದದ ಕನ್ನಡಿ ನನಗೆ ಗೊತ್ತಿಲ್ಲ.

ಅಧಿಕಾರ ಸಿಗದಿರುವುದಕ್ಕಿಂತ ಹೆಚ್ಚು ಅಪಾಯದ್ದು ಇದ್ದ ಅಧಿಕಾರ ಕಳೆದುಹೋಗುವುದು. ಅಂತಿಮ ವರ್ಷದ ಹುಡುಗನೊಬ್ಬ ಡಾಕರ್ ಹಾಕಿಕೊಂಡು, ತನ್ನನ್ನು ಡಾಕರ್ ಗುಂಪಿಗೆ ಸೇರಿಸಿಕೊಳ್ಳಲು ಯೂಸರ್‌ಮಾಡ್ ಕೊಟ್ಟಿದ್ದ. ದೊಡ್ಡಕ್ಷರದ ಜಿ ಹಾಕಿದ್ದ, ಅದರ ಹಿಂದಿನ ಚಿಕ್ಕಕ್ಷರದ ಎ ಬಿಟ್ಟುಹೋಗಿತ್ತು. ಎ ಇದ್ದರೆ ಇರುವ ಗುಂಪುಗಳ ಜೊತೆಗೆ ಇದನ್ನೂ ಸೇರಿಸು. ಎ ಇಲ್ಲದಿದ್ದರೆ ಉಳಿದ ಹೆಚ್ಚುವರಿ ಗುಂಪುಗಳನ್ನೆಲ್ಲ ತೆಗೆದು ಇದನ್ನಷ್ಟೇ ಇಡು. ಸುಡೋ ಗುಂಪಿನಿಂದ ಅವನು ಹೊರಬಿದ್ದಿದ್ದ, ಮರುದಿನ ಯಂತ್ರ ಹಾಕುವವರೆಗೂ ಅದು ಅವನಿಗೆ ಗೊತ್ತಾಗಲಿಲ್ಲ. ಉಬುಂಟು ಆದ್ದರಿಂದ ರೂಟ್‌ಗೆ ಪಾಸ್‌ವರ್ಡೂ ಇಲ್ಲ. “ಫಾರ್ಮ್ಯಾಟ್ ಮಾಡ್ಬಿಡ್ತೀನಿ ಸರ್” ಎಂದ. ಈ ಮಾತು ಕೇಳಿದರೆ ನನಗೆ ನಿಜವಾಗಿ ಸಂಕಟವಾಗುತ್ತದೆ. ಒಂದು ಅಕ್ಷರ ಬಿಟ್ಟುಹೋಗಿದ್ದಕ್ಕೆ ಇಡೀ ಮನೆ ಕೆಡವುವುದೇ?

“ತಾಳಪ್ಪಾ, ಮೊದಲು ರಿಕವರಿ ಮೋಡ್ ನೋಡೋಣ” ಎಂದೆ. ಯಂತ್ರ ಶುರುವಾಗುವಾಗ ಶಿಫ್ಟ್ ಅಥವಾ ಎಸ್ಕೇಪ್ ಕೀಲಿಯಿಂದ ಗ್ರಬ್ ಪಟ್ಟಿ ತೆರೆದು, ರಿಕವರಿ ಮೋಡ್ ಆರಿಸಿ, ರೂಟ್ ಶೆಲ್‌ಗೆ ಇಳಿದೆವು. ಅಲ್ಲಿ ಡಿಸ್ಕ್ ಓದಲಿಕ್ಕಷ್ಟೇ ತೆರೆದಿರುತ್ತದೆ, ಬರೆಯಲು ಆಗುವಂತೆ ಮತ್ತೆ ಮೌಂಟ್ ಮಾಡಬೇಕು. ಆಮೇಲೆ ಅದೇ ಯೂಸರ್‌ಮಾಡ್, ಈ ಸಲ ಸುಡೋ ಗುಂಪಿಗೆ, ಎ ಅಕ್ಷರದ ಸಮೇತ. ರೀಬೂಟ್ ಆದ ಮೇಲೆ ಅವನು ಮೊದಲು ಕೇಳಿದ ಪ್ರಶ್ನೆ ನನಗೆ ಬಹಳ ಹಿಡಿಸಿತು: “ಹಂಗಾದ್ರೆ ಸರ್, ಯಾರ್ ಬೇಕಾದ್ರೂ ನನ್ ಲ್ಯಾಪ್‌ಟಾಪ್ ತಗೊಂಡು ಹಿಂಗೇ ರೂಟ್ ಆಗ್ಬೋದಲ್ವಾ?” ಆಗಬಹುದು. ಪರ್ಮಿಷನ್ ಎಂಬುದು ಕರ್ನಲ್ ಎಚ್ಚರವಿರುವಾಗಿನ ಕಾವಲು. ಯಂತ್ರವೇ ಇನ್ನೊಬ್ಬರ ಕೈಗೆ ಸಿಕ್ಕಮೇಲೆ ಕಾಯುವುದು ಡಿಸ್ಕ್ ಎನ್‌ಕ್ರಿಪ್ಷನ್ ಒಂದೇ. ಇದರ ಜೊತೆಗೆ ಇನ್ನೊಂದನ್ನೂ ಹೇಳಿದೆ: ಡಾಕರ್ ಗುಂಪಿಗೆ ಸೇರಿದವರು ಕಂಟೇನರ್ ಮೂಲಕ ಇಡೀ ಡಿಸ್ಕನ್ನು ಮುಟ್ಟಬಲ್ಲರು, ಅಂದರೆ ಅದು ರೂಟ್‌ಗೆ ಸಮಾನವಾದ ಅಧಿಕಾರ. ಇನ್ನೊಬ್ಬರನ್ನು ಆ ಗುಂಪಿಗೆ ಸೇರಿಸುವಾಗ ಅದು ನೆನಪಿರಲಿ.

ಈಗ 777ರ ವಿಷಯ. ಇದರ ಬಗ್ಗೆ ನಾನು ಲ್ಯಾಬಿನಲ್ಲಿ ದನಿ ಎತ್ತಿಯೇ ಮಾತಾಡುತ್ತೇನೆ. ಓದಲು 4, ಬರೆಯಲು 2, ನಡೆಸಲು 1, ಒಟ್ಟು 7. ಒಡೆಯನಿಗೆ, ಗುಂಪಿಗೆ, ಉಳಿದವರಿಗೆ ಮೂವರಿಗೂ 7 ಕೊಟ್ಟರೆ 777. ಪರ್ಮಿಷನ್ ಇಲ್ಲ ಎಂದು ಬಂದ ಕೂಡಲೇ ಸಿಎಚ್‌ಮಾಡ್ 777 ಹೊಡೆದುಬಿಡುವುದು ಒಂದು ರೂಢಿಯಾಗಿಬಿಟ್ಟಿದೆ. ಒಮ್ಮೊಮ್ಮೆ ಇಡೀ ಡಿಸ್ಕಿನ ಮೇಲೇ. ಎಲ್ಲ ತೆರೆದಿಟ್ಟರೆ ಎಲ್ಲ ನಡೆಯುತ್ತದೆ ಎಂಬ ನಂಬಿಕೆ. ನಡೆಯುವುದು ತದ್ವಿರುದ್ಧ. ಸುಡೋ ಪ್ರೋಗ್ರಾಮಿನ ಮೇಲೆ ಮೂರಂಕಿಯ 777 ಬಿದ್ದ ಕ್ಷಣ ರಿಚಿಯ ಆ ಬಿಟ್ ಅಳಿಸಿಹೋಗುತ್ತದೆ. ಮುಂದಿನ ಸಲ ಸುಡೋ ಎಂದರೆ, ನನ್ನ ಒಡೆಯ 0 ಆಗಿರಬೇಕು, ನನ್ನ ಮೇಲೆ ಸೆಟ್‌ಯುಐಡಿ ಬಿಟ್ ಇರಬೇಕು ಎಂದು ಅದು ನಿಂತುಬಿಡುತ್ತದೆ. ಸುಡೋಯರ್ಸ್ ಫೈಲನ್ನು ಯಾರು ಬೇಕಾದರೂ ತಿದ್ದಬಹುದಾದರೆ ಆ ಫೈಲನ್ನು ಅದು ನಂಬುವುದೇ ಇಲ್ಲ. ಅದರ ಸರಿಯಾದ ಅಂಕಿ 0440. ಎಸ್‌ಎಸ್‌ಎಚ್ ಕೂಡ ಹಾಗೆಯೇ: ಖಾಸಗಿ ಕೀಲಿಯ ಫೈಲನ್ನು ಬೇರೆಯವರೂ ಓದಬಹುದು ಎಂದಾದರೆ ಆ ಕೀಲಿಯನ್ನು ಮುಟ್ಟುವುದಿಲ್ಲ. ಹಕ್ಕು ಕಡಿಮೆಯಾದಾಗ ತಡೆಯುವ ವ್ಯವಸ್ಥೆಯನ್ನು ಎಲ್ಲರೂ ಬಲ್ಲರು. ಹಕ್ಕು ಹೆಚ್ಚಾದಾಗಲೂ ತಡೆದು ನಿಲ್ಲುವ ವ್ಯವಸ್ಥೆ ನನಗೆ ಕಂಡದ್ದು ಇಲ್ಲಿ, ಮತ್ತು ನಾನು ಲಿನಕ್ಸನ್ನು ಪ್ರೀತಿಸಲು ಅದು ದೊಡ್ಡ ಕಾರಣ.

ಹೀಗೆ ಹಾಳಾದದ್ದನ್ನು ಸರಿಮಾಡುವುದು ಸುಲಭವಲ್ಲ. ಯಾವ ಫೈಲಿಗೆ ಯಾವ ಅಂಕಿ ಇತ್ತು ಎಂಬುದನ್ನು ಪ್ಯಾಕೇಜು ನೋಡಿಕೊಳ್ಳುವ ಆರ್‌ಪಿಎಂ ತನ್ನ ದಾಖಲೆಯಲ್ಲಿ ಇಟ್ಟುಕೊಂಡಿರುವುದರಿಂದ ರೆಡ್ ಹ್ಯಾಟ್ ಬಳಗದಲ್ಲಿ ಒಂದು ಕಮ್ಯಾಂಡಿನಿಂದ ಬಹುಪಾಲು ಮರಳಿ ತರಬಹುದು. ಡೆಬಿಯನ್ ಬಳಗದಲ್ಲಿ ಪ್ಯಾಕೇಜುಗಳನ್ನು ಮತ್ತೆ ಹಾಕಬೇಕು. ಫಾರ್ಮ್ಯಾಟ್ ಮಾಡು ಎಂದು ನಾನೇ ಹೇಳುವ ಸಂದರ್ಭ ಇದೊಂದೇ.

ಎಲ್ಲ ನಿರಾಕರಣೆಗೂ ಸುಡೋ ಮದ್ದಲ್ಲ. ನಮ್ಮ ಬಹಳಷ್ಟು ಮಕ್ಕಳ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಪಕ್ಕದಲ್ಲೇ ಲಿನಕ್ಸ್ ಇರುತ್ತದೆ. ಡಿ ಡ್ರೈವಿನ ಪ್ರಾಜೆಕ್ಟ್ ಫೋಲ್ಡರಿಗೆ ಬರೆಯಲು ಹೋದರೆ ಬರೆಯಲು ಬಿಡುವುದಿಲ್ಲ. ಸುಡೋ ಹಾಕಿದರೂ ಬಿಡುವುದಿಲ್ಲ. ಸಾಲನ್ನು ಪೂರ್ತಿ ಓದಿದರೆ ಅಲ್ಲಿ ಪರ್ಮಿಷನ್ ಡಿನೈಡ್ ಎಂದಿರುವುದಿಲ್ಲ, ರೀಡ್ ಓನ್ಲಿ ಫೈಲ್ ಸಿಸ್ಟಂ ಎಂದಿರುತ್ತದೆ. ಅಡ್ಡಿ ಬಂದಿರುವುದು ನಮ್ಮ ಅಧಿಕಾರಕ್ಕಲ್ಲ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯದಿಂದಾಗಿ ವಿಂಡೋಸ್ ಪೂರ್ತಿ ಮಲಗಿರುವುದಿಲ್ಲ, ಡ್ರೈವನ್ನು ಅರ್ಧ ಹಿಡಿದುಕೊಂಡೇ ಇರುತ್ತದೆ. ಬರೆದರೆ ದತ್ತಾಂಶ ಕೆಡಬಹುದೆಂದು ಲಿನಕ್ಸ್ ಓದಲಿಕ್ಕಷ್ಟೇ ತೆರೆಯುತ್ತದೆ. ಮದ್ದು ವಿಂಡೋಸ್ ಒಳಗಿದೆ: ಆ ಸೌಲಭ್ಯವನ್ನು ನಿಲ್ಲಿಸಿ ಸರಿಯಾಗಿ ಶಟ್‌ಡೌನ್ ಮಾಡಬೇಕು. ಇನ್ನು ಆಪರೇಷನ್ ನಾಟ್ ಪರ್ಮಿಟೆಡ್ ಎಂಬ ಮೂರನೆಯ ಉತ್ತರವೊಂದಿದೆ. ಆ ಕೆಲಸಕ್ಕೆ ರೂಟ್ ಅಧಿಕಾರವೇ ಬೇಕು ಎಂದು ಅದು ಹೇಳುತ್ತಿರಬಹುದು. ರೂಟ್‌ಗೇ ಹಾಗೆ ಬಂದರೆ, ಯಾರೋ ಆ ಫೈಲನ್ನು ಬದಲಾಯಿಸಲಾಗದಂತೆ ಗುರುತು ಹಾಕಿಟ್ಟಿರಬಹುದು. ಇಂಥ ಕಡೆ 777 ಹೊಡೆಯುತ್ತಾ ಕೂರುವವರು ಇಡೀ ಸಂಜೆ ಕೂರುತ್ತಾರೆ.

ಸುಡೋ ಪ್ರಶ್ನಾತೀತ ಎಂದೂ ನಾನು ಹೇಳುವುದಿಲ್ಲ. 2021ರ ಜನವರಿಯಲ್ಲಿ ಕ್ವಾಲಿಸ್ ಸಂಸ್ಥೆಯವರು ಅದರಲ್ಲೊಂದು ಬಿರುಕು ಹೊರಗೆಡವಿದರು. 2011ರಿಂದಲೂ ಅಲ್ಲಿದ್ದ ದೋಷ. ಪಟ್ಟಿಯಲ್ಲಿ ಹೆಸರಿಲ್ಲದ ಸಾಮಾನ್ಯ ಬಳಕೆದಾರನೂ ಅದರಿಂದ ರೂಟ್ ಆಗಬಹುದಿತ್ತು. ಮರುವರ್ಷದ ಜನವರಿಯಲ್ಲಿ, ಇದೇ ಜಾತಿಯ ಪಿಕೆಎಕ್ಸೆಕ್ ಎಂಬ ಪ್ರೋಗ್ರಾಮಿನಲ್ಲಿ 2009ರಿಂದ ಅಡಗಿದ್ದ ಇನ್ನೊಂದು ಸಿಕ್ಕಿತು. ಸಾವಿರಾರು ಕಣ್ಣು ಹಾಯುವ ಕೋಡಿನಲ್ಲೂ ಇಷ್ಟು ವರ್ಷ ಇಂಥವು ಉಳಿದವಲ್ಲ ಎಂದು ಆಗ ನನಗೆ ಗಾಬರಿಯಾಗಿತ್ತು. ಮೆಮೊರಿಯ ಗಡಿ ಮೀರುವಂಥ ದೋಷಗಳಿಗೆ ಆಸ್ಪದ ಕಡಿಮೆಯಿರುವ ರಸ್ಟ್ ಭಾಷೆಯಲ್ಲಿ ಈಗ ಸುಡೋವನ್ನು ಹೊಸದಾಗಿ ಬರೆದಿದ್ದಾರೆ. 2025ರ ಅಕ್ಟೋಬರಿನಲ್ಲಿ ಬಂದ ಉಬುಂಟು 25.10 ಅದನ್ನೇ ಡೀಫಾಲ್ಟ್ ಆಗಿ ಕೊಟ್ಟಿತು. ಮಕ್ಕಳಿಗೆ ಕಮ್ಯಾಂಡು ಅದೇ, ಕೇಳುವ ಪಾಸ್‌ವರ್ಡೂ ಅದೇ.

ಹಳೆಯದಿರಲಿ ಹೊಸದಿರಲಿ, ಸುಡೋಯರ್ಸ್ ಫೈಲನ್ನು ತಿದ್ದುವಾಗ ಲ್ಯಾಬಿನಲ್ಲಿ ಒಂದು ಕ್ರಮ ಇಟ್ಟುಕೊಂಡಿದ್ದೇವೆ. ವಿಸುಡೋದಿಂದ ಮಾತ್ರ ತಿದ್ದಬೇಕು, ವ್ಯಾಕರಣ ತಪ್ಪಿದರೆ ಉಳಿಸುವ ಮೊದಲೇ ಅದು ಎಚ್ಚರಿಸುತ್ತದೆ. ಸುಡೋಯರ್ಸ್ ಡಿ ಫೋಲ್ಡರಿನಲ್ಲಿ ಬೇರೆ ಫೈಲು ಇಡುವುದಾದರೆ ಹೆಸರಿನಲ್ಲಿ ಚುಕ್ಕಿ ಇರಬಾರದು, ಚುಕ್ಕಿ ಇದ್ದರೆ ಸುಡೋ ಅದನ್ನು ಓದದೆ ಸುಮ್ಮನೆ ಮುಂದೆ ಹೋಗುತ್ತದೆ, ಒಂದು ಮಾತೂ ಹೇಳುವುದಿಲ್ಲ. ಒಂದೇ ಕೆಲಸದ ಬಗ್ಗೆ ಎರಡು ಸಾಲಿದ್ದರೆ ಕೊನೆಯದೇ ಗೆಲ್ಲುತ್ತದೆ ಎಂಬುದು ಗೊತ್ತಿರಬೇಕು. ಇದಕ್ಕೆಲ್ಲ ಮೊದಲು ಪಕ್ಕದಲ್ಲಿ ಇನ್ನೊಂದು ಟರ್ಮಿನಲ್ ತೆರೆದು ಅದರಲ್ಲಿ ರೂಟ್ ಆಗಿ ಕೂತಿರಬೇಕು. ಇತ್ತ ತಿದ್ದಿ ಉಳಿಸಿದ ಮೇಲೆ ಮೂರನೆಯ ಕಿಟಕಿ ತೆರೆದು, ಸುಡೋ ಮುಂದೆ ಅಡ್ಡಗೆರೆ ಮತ್ತು ಎಲ್ ಕೊಟ್ಟು, ನಮಗೆ ಏನೇನು ಮಾಡುವ ಹಕ್ಕಿದೆ ಎಂಬ ಪಟ್ಟಿ ಸರಿಯಾಗಿ ಬರುತ್ತದೆಯೇ ನೋಡಬೇಕು. ಬಂದರೆ ಮಾತ್ರ ಆ ರೂಟ್ ಟರ್ಮಿನಲ್ ಮುಚ್ಚುವುದು.